ಮಲ್ಲೇಶನ ಎಂಜಲಿನಲ್ಲಿ ನಮ್ಮ ಪಾಲು

ನಮ್ಮ ಕಡೆ, ಅಂದರೆ ಉತ್ತರ ಕೊಡಗಿನಲ್ಲಿ, ಪ್ರತಿಯೊಂದು ಮನೆತನದ ಹಿಂದೆಯೂ ಒಬ್ಬ ಅರಸ ನಿಂತಿರುತ್ತಾನೆ. ಮುಂದೆ ಏನು ನಿಂತಿದೆ ಎಂದು ಕೇಳಬಾರದು; ಹೆಚ್ಚಾಗಿ ಸ್ಟಾರ್ಟ್ ಆಗದ ಜೀಪು ನಿಂತಿರುತ್ತದೆ. ಹಿಂದೆ ಕೊಡಗನ್ನಾಳಿದ ಹಾಲೇರಿ ಅರಸರು ನಮ್ಮವರೇ, ಲಿಂಗ ಕಟ್ಟಿದವರು ಎಂಬ ಒಂದು ಎಳೆಯನ್ನು ಹಿಡಿದುಕೊಂಡು, ಶುಂಠಿ ಬೆಳೆಯುವವನೂ ಬಸ್ಸಿನಲ್ಲಿ ಟಿಕೆಟ್ ಹರಿಯುವವನೂ ಒಂದಲ್ಲ ಒಂದು ಮದುವೆಮನೆಯಲ್ಲಿ, ಎರಡನೆಯ ಸಲ ಪಾಯಸ ಬಡಿಸಿದ ಮೇಲೆ, ಸಿಂಹಾಸನ ಏರಿಯೇ ಏರುತ್ತಾನೆ. ನಾನೂ ಏರಿದ್ದೇನೆ. ಸುಳ್ಳೆಂದು ಸಾಧಿಸಲು ಯಾರಿಗೂ ಪುರಸೊತ್ತಿಲ್ಲ, ನಿಜವೆಂದು ಸಾಧಿಸಲು ಯಾರಿಗೂ ಧೈರ್ಯವಿಲ್ಲ. ಹೀಗೆ ತಲೆಮಾರುಗಳಿಂದ ಅರಸರೂ ನಾವೂ ಒಬ್ಬರಿಗೊಬ್ಬರು ತೊಂದರೆ ಕೊಡದೆ ಸುಖವಾಗಿದ್ದೆವು. ಆ ಸುಖಕ್ಕೆ ಕಲ್ಲು ಹಾಕಿದವನು ನನ್ನ ಚಿಕ್ಕಪ್ಪನ ಮಗ ಮಲ್ಲೇಶ. ಕಲ್ಲಾಗಿದ್ದರೆ ಎತ್ತಿ ಆಚೆಗಿಡಬಹುದಿತ್ತು. ಅವನು ಹಾಕಿದ್ದು ಎಂಜಲು.

ಮಲ್ಲೇಶ ಹಾರಂಗಿ ಹಿನ್ನೀರಿನ ಬಳಿ ಒಂದು ಹೋಂಸ್ಟೇ ನಡೆಸುತ್ತಾನೆ. ಅಕ್ಕಪಕ್ಕದಲ್ಲಿ ಇನ್ನೂ ಬೇಕಾದಷ್ಟಿವೆ. ಎಲ್ಲ ಜಗಲಿಯಿಂದಲೂ ಕಾಣುವುದು ಅದೇ ನೀರು, ಎಲ್ಲ ಮೇಜಿನ ಮೇಲೂ ಅದೇ ಅಕ್ಕಿರೊಟ್ಟಿ. ತನ್ನದರಲ್ಲಿ ಏನಾದರೂ ವಿಶೇಷವಿರಬೇಕಲ್ಲ ಎಂದು ಯೋಚಿಸಿ ಯೋಚಿಸಿ, 'ಅರಸು ಮನೆತನದ ಆತಿಥ್ಯ' ಎಂದು ಬೋರ್ಡು ಬರೆಸಲು ನಿಶ್ಚಯಿಸಿದ. "ಬಾಯ್ಮಾತಲ್ಲಿ ಹೇಳಿದ್ರೆ ಈಗಿನ ಗೆಸ್ಟುಗಳು ನಂಬಲ್ಲ ಕಣಣ್ಣ, ಪ್ರೂಫ್ ಕೇಳ್ತಾರೆ. ಅದ್ಕೆ ಡಿಎನ್ಎ ಮಾಡಿಸ್ತಾ ಇದೀನಿ," ಎಂದ. "ಡಿಎನ್ಎಗೆ ಹಾಲೇರಿ ದಾರಿ ಗೊತ್ತೇನೋ?" ಎಂದು ಕೇಳಿದೆ. "ನೀನೊಬ್ಬ! ಗೊಬ್ಬರದಂಗಡೀಲಿ ಕೂತು ಕೂತು ನಿಂಗೆ ದೊಡ್ಡ ಯೋಚ್ನೆನೇ ಬರಲ್ಲ." ಇದು ನಿಜ. ನಾನು ಸುಂಟಿಕೊಪ್ಪದಲ್ಲಿ ಗೊಬ್ಬರ, ಔಷಧಿ, ಬಿತ್ತನೆ ಶುಂಠಿ ಮಾರುವವನು. ದೊಡ್ಡ ಯೋಚನೆಗಳು ನಮ್ಮ ಅಂಗಡಿಯ ವಾಸನೆಗೆ ಬಾಗಿಲಲ್ಲೇ ನಿಂತುಬಿಡುತ್ತವೆ.

ಒಂದು ಭಾನುವಾರ ಡಿಎನ್ಎ ಕಂಪನಿಯವರು ಕಳಿಸಿದ ಪುಟ್ಟ ಪೆಟ್ಟಿಗೆಯನ್ನು ನಮ್ಮ ಮನೆಗೇ ತಂದ. ಒಳಗಿನ ಟ್ಯೂಬಿಗೆ ಉಗುಳುವುದಕ್ಕೆ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂದು ಅದರಲ್ಲಿ ವಿಧಿಯಿತ್ತು. ಶಿವರಾತ್ರಿಯ ಉಪವಾಸವನ್ನು ಮಧ್ಯಾಹ್ನಕ್ಕೇ ಮುಗಿಸುವ ಮಲ್ಲೇಶ, ಕಡುಬಿನ ತಟ್ಟೆಯ ಎದುರು ಕಣ್ಣು ಮುಚ್ಚಿ ಕುಳಿತ. ನಮ್ಮ ಅವ್ವ ಇದ್ದಿದ್ದರೆ ಏನು ಹೇಳುತ್ತಿದ್ದಳೋ! ಎಂಜಲಿನ ವಿಷಯದಲ್ಲಿ ಆಕೆಯದು ಕಠಿಣ ಕಾನೂನು: ಕಚ್ಚಿ ತಿಂದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ, ಲೋಟವನ್ನು ತುಟಿಗೆ ತಾಗಿಸುವಂತಿಲ್ಲ. ಅಂಥ ಮನೆಯ ಎಂಜಲು ಈಗ ಮುಚ್ಚಳ ಹಾಕಿಸಿಕೊಂಡು, ಮೈಮೇಲೆ ಗೆರೆಗಳ ಚೀಟಿ ಅಂಟಿಸಿಕೊಂಡು, ಕೊರಿಯರಿನಲ್ಲಿ ಸವಾರಿ ಹೊರಟಿತ್ತು. ನನ್ನ ಹೆಂಡತಿ ಪಾರ್ವತಿ ಮಾತ್ರ ಅತ್ತೆಯ ಪರಂಪರೆ ಬಿಡಲಿಲ್ಲ. "ಮಲ್ಲೇಶಪ್ಪ, ಉಗಿಯೋದಾದ್ರೆ ಹಿತ್ಲಿಗೆ ಹೋಗಿ. ಅರಸರಾದ್ರೂ ಅಷ್ಟೇ," ಎಂದಳು. ಅವನು ಹಿತ್ತಿಲಿಗೆ ಹೋದ. ಹೋಗುವ ಮೊದಲು ಮೊಬೈಲಿನಲ್ಲಿ ಏನೇನೋ ಷರತ್ತುಗಳು ಬಂದವು. ಓದದೆ 'ಒಪ್ಪಿದೆ, ಒಪ್ಪಿದೆ, ಒಪ್ಪಿದೆ' ಎಂದು ಒತ್ತುತ್ತಾ ಹೋದ. ನಮ್ಮ ತಾತ ಹೆಬ್ಬೆಟ್ಟು ಒತ್ತುವಾಗಲಾದರೂ, ಏನು ಬರೆದಿದೆ ಎಂದು ಪಕ್ಕದವರನ್ನು ಒಮ್ಮೆ ಕೇಳುತ್ತಿದ್ದನಂತೆ.

ಇಲ್ಲಿ ಆನೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೊಮ್ಮೆ ನಮ್ಮ ಬಾಳೆಯನ್ನೆಲ್ಲ ತುಳಿದುಹಾಕಿದ ಆನೆಯ ಲದ್ದಿಯನ್ನು ಯಾರೋ ಸಂಶೋಧಕರು ಬಂದು, ಕೈಗೆ ಗವಸು ಹಾಕಿಕೊಂಡು, ಪ್ರಸಾದದಂತೆ ಡಬ್ಬಿಗೆ ತುಂಬಿಕೊಂಡು ಹೋದರು. ಡಿಎನ್ಎ ತೆಗೆದು ಅದರ ಬಂಧುಬಳಗ ಪತ್ತೆ ಮಾಡುತ್ತಾರಂತೆ. ಆನೆಯ ಒಪ್ಪಿಗೆ ಯಾರೂ ಕೇಳಲಿಲ್ಲ ಎಂದು ಆಗ ನಾನು ನಕ್ಕಿದ್ದೆ. ಆದರೆ ಆ ಆನೆಯ ತಂಗಿಯ ಮದುವೆ ನಿಂತುಹೋದದ್ದನ್ನು ನಾನು ಕೇಳಿಲ್ಲ. ಕಾಡಿನಲ್ಲಿ ವಾಟ್ಸಾಪ್ ಇಲ್ಲ.

ಕೆಲವು ವಾರಗಳ ಮೇಲೆ ಫಲ ಬಂತು. ಅರಸರು ಇರಲಿಲ್ಲ. ಹೋಲಿಸಿ ನೋಡಲು ಕಂಪನಿಯವರ ಬಳಿ ಅರಸರ ಎಂಜಲು ಇರಬೇಕಲ್ಲ. ಅವರು ಯಾರೂ ಉಗುಳಿಟ್ಟು ಹೋಗಿರಲಿಲ್ಲ. ಬದಲಿಗೆ ದಕ್ಷಿಣ ಭಾರತದ ಅಷ್ಟಗಲಕ್ಕೂ ಹಸಿರು ಬಳಿದ ಒಂದು ನಕ್ಷೆಯಿತ್ತು. ನೀವು ಇಲ್ಲಿಯವರೇ ಎಂದು ಹೇಳಿದ್ದರು. ಇದನ್ನು ಉಗುಳದೆಯೇ ಹೇಳಬಹುದಿತ್ತು. ಮಲ್ಲೇಶ ಧೈರ್ಯಗೆಡದೆ, ಅಷ್ಟು ಹಸಿರನ್ನೂ ರಾಜ್ಯದ ಎಲ್ಲೆಯೆಂದೇ ತಿಳಿದು, ಒಂದು ಕಿರೀಟದ ಚಿತ್ರ ಸೇರಿಸಿ ಪೂರ್ತಿ ವರದಿಯನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ನಮ್ಮ ಬಳಗದಲ್ಲಿ ಮೊದಲ ಪುಟದಾಚೆಗೆ ಏನನ್ನೂ ಓದುವ ಅಭ್ಯಾಸವಿಲ್ಲ ಎಂಬ ಭರವಸೆಯ ಮೇಲೆ ನಾವೆಲ್ಲ ಬದುಕಿದ್ದೇವೆ. ಆದರೆ ಎಲ್ಲ ಬಳಗದಲ್ಲೂ ಒಬ್ಬ ಓದುವವನಿರುತ್ತಾನೆ. ಕೊನೆಯ ಪುಟಗಳಲ್ಲಿ ನಕ್ಷೆ ಮುಗಿದು ಆರೋಗ್ಯ ಶುರುವಾಗಿತ್ತು. ಇವರಲ್ಲಿ ಒಂದು ನರದ ಕಾಯಿಲೆಯ ಗುಣವಿದೆ, ನಡುವಯಸ್ಸು ದಾಟಿದ ಮೇಲೆ ಕೈಕಾಲು ನಡುಗಬಹುದು, ನಡುಗದೆಯೂ ಇರಬಹುದು, ರಕ್ತಸಂಬಂಧಿಗಳಲ್ಲಿಯೂ ಇರಬಹುದು ಎಂದಿತ್ತು. ಜ್ಯೋತಿಷಿ ಹೇಳಿದ್ದರೆ ದಕ್ಷಿಣೆ ಕೊಟ್ಟು ಶಾಂತಿ ಮಾಡಿಸಿ ಮರೆಯುತ್ತಿದ್ದೆವು. ಇದು ಇಂಗ್ಲಿಷಿನಲ್ಲಿತ್ತು.

ನಮ್ಮ ಅಪ್ಪನ ಕೈ ಕಡೆಗಾಲದಲ್ಲಿ ನಡುಗುತ್ತಿತ್ತು. ನನ್ನ ಹಣೆಗೆ ವಿಭೂತಿ ಹಚ್ಚುವಾಗ ಮೂರು ಗೆರೆಯೂ ಮೂರು ದಿಕ್ಕಿಗೆ ಹೋಗುತ್ತಿದ್ದವು. ಹಾಗೇ ಸೊಟ್ಟಗೆ ಹಚ್ಚಿಕೊಂಡು ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಅತಿಯಾಗಿ ಕಾಫಿ ಕುಡಿದು ಹಾಗಾಗಿದೆ ಎಂದು ಅವ್ವ ಬೈಯುತ್ತಿದ್ದಳು, ಅಪ್ಪ ಇನ್ನೊಂದು ಲೋಟ ಕೇಳುತ್ತಿದ್ದ. ಅದಕ್ಕೊಂದು ಹೆಸರು ಇರಲಿಲ್ಲ. ಹೆಸರಿಲ್ಲದ್ದರಿಂದ ಅದು ನಮ್ಮ ಮನೆಯ ವಿಷಯವಾಗಿತ್ತು. ಮಲ್ಲೇಶನ ದಯೆಯಿಂದ ಈಗ ಅದಕ್ಕೆ ಹೆಸರು ಬಂತು, ಊರಿಗೆಲ್ಲ ಗೊತ್ತಾಯಿತು. ನಾನು ಅಂಗಡಿಯಲ್ಲಿ ಔಷಧಿ ತೂಗುವಾಗ ಗಿರಾಕಿಗಳು ತಕ್ಕಡಿಯ ಮುಳ್ಳು ಬಿಟ್ಟು ನನ್ನ ಬೆರಳು ನೋಡತೊಡಗಿದರು. ತಿಂಗಳಿಗೊಮ್ಮೆ ಬಂದು ಪ್ರಾಣ ಹಿಂಡುತ್ತಿದ್ದ ವಿಮೆಯ ಏಜೆಂಟು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗತೊಡಗಿದ. ಇಡೀ ಪ್ರಕರಣದಲ್ಲಿ ನನಗಾದ ಲಾಭ ಇದೊಂದೇ.

ನಷ್ಟ ನನ್ನ ಮಗಳು ಗಿರಿಜೆಯದು. ಅವಳು ಕುಶಾಲನಗರದ ಒಂದು ಶಾಲೆಯಲ್ಲಿ ಟೀಚರು. ಅಲ್ಲಿನ ಶುಂಠಿ ವ್ಯಾಪಾರಿ ರುದ್ರಪ್ಪನವರ ಮಗ ನಂದೀಶನಿಗೂ ಅವಳಿಗೂ ಮಾತಾಗಿ, ಇಬ್ಬರೂ ಮೆಚ್ಚಿ, ಒಪ್ಪಿಗೆಶಾಸ್ತ್ರದ ದಿನವೂ ಗೊತ್ತಾಗಿತ್ತು. ಸಂಬಂಧ ಕುದುರಿದ ಸಂತೋಷದಲ್ಲಿ ರುದ್ರಪ್ಪನವರ ಭಾವಮೈದುನನನ್ನು ನಮ್ಮ ಗುಂಪಿಗೆ ಸೇರಿಸಿದ್ದೆವು. ಆ ಓದುವವನು ಅವನೇ.

ರುದ್ರಪ್ಪನವರು ಒಬ್ಬರೇ ಬಂದರು. ಕಾಫಿ ಬೇಡವೆಂದರು, ನಮ್ಮ ಜಿಲ್ಲೆಯಲ್ಲಿ ಕಾಫಿ ಬೇಡವೆಂದರೆ ಅರ್ಧ ವಿಷಯ ಹೇಳಿ ಮುಗಿಸಿದಂತೆ.

"ಚನ್ನಪ್ಪಣ್ಣ, ತಪ್ ತಿಳ್ಕೋಬೇಡಿ. ನಮ್ ಹೆಂಗಸ್ರಿಗೆ ಸ್ವಲ್ಪ ಹೆದ್ರಿಕೆ. ಮಗೂದೂ ಒಂದ್ಸಲ ಉಗುಳ್ ಕಳ್ಸಿ. ಏನೂ ಇಲ್ಲ ಅಂತ ಬಂದ್ರೆ ನಾಳೇನೇ ಶಾಸ್ತ್ರ ಮುಗ್ಸಾಣ."

"ಉಗುಳಿದ್ದು ಮಲ್ಲೇಶ ಅಲ್ವಾ ರುದ್ರಪ್ಪೋರೆ? ನಮ್ ಹುಡ್ಗಿ ಏನ್ ಮಾಡ್ತು?"

"ನೀವೇ ಹೇಳೋದಲ್ವಾ ಅಣ್ಣ, ಬಿತ್ನೆ ಶುಂಠಿ ಕೊಳ್ಳೋವಾಗ ಗೆಡ್ಡೆ ನೋಡ್ಬೇಡಿ, ಗದ್ದೆ ವಿಚಾರ್ಸಿ ಅಂತ? ಕೊಳೆ ರೋಗ ಬಂದಿದ್ ಗದ್ದೇದು ಎಷ್ಟ್ ಚೆನ್ನಾಗಿದ್ರೂ ನೀವು ಮುಟ್ಟಲ್ಲ. ನಂಗೆ ಹೇಳಿಕೊಟ್ಟೋರೇ ನೀವು."

ಈ ಮಾತನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆಯಾಗಿ ಹೇಳುತ್ತಾ ಬಂದವನು. ಶುಂಠಿಯ ವಿಷಯದಲ್ಲಿ ಅದು ಇಂದಿಗೂ ಸತ್ಯ. ಶುಂಠಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವ ಕಿವಿಯಿಲ್ಲ ಎಂಬುದಷ್ಟೇ ವ್ಯತ್ಯಾಸ.

ಗಿರಿಜೆ ಹೊರಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಶಾಲೆಯಲ್ಲಿ ಪಾಠ ಮಾಡುವ ದನಿಯಲ್ಲೇ ಹೇಳಿದಳು: "ಮಾವ, ಇಲ್ಲ ಅಂತ ಬಂದ್ರೆ ನೀವು ಮಾಡೋ ಉಪಕಾರ ನಂಗೆ ಬೇಡ. ಇದೆ ಅಂತ ಬಂದ್ರೆ ಅದನ್ನ ಇವತ್ತಿಂದಾನೇ ಹೊತ್ಕೊಂಡು ತಿರುಗೋಕೆ ನಂಗೆ ಇಷ್ಟ ಇಲ್ಲ. ನಂದೀಶ್ ಏನಂದ್ರು?" ರುದ್ರಪ್ಪನವರು ಚಪ್ಪಲಿ ಹುಡುಕಿದರು. "ಅವ್ನು ಅಪ್ಪ ಹೇಳ್ದಂಗೆ ಅಂದ," ಎಂದರು. "ಹಂಗಾದ್ರೆ ಅವರದ್ದು ಪರೀಕ್ಷೆ ಆದಂಗಾಯ್ತು," ಎಂದು ಅವಳು ಒಳಗೆ ಹೋದಳು.

ಅವರು ಹೋದ ಮೇಲೆ ಅವಳು ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದಳು. "ಅಪ್ಪ, ಮನೆತನದ ಜಮ್ಮಾ ಜಮೀನು ಮಾರ್ಬೇಕಾದ್ರೆ ಪಾಲುದಾರ್ರೆಲ್ಲ ಸಹಿ ಹಾಕ್ಬೇಕು ಅಂತೀರಲ್ಲ. ದುಬೈಲಿ ಇರೋರನ್ನೂ ಹುಡುಕ್ತಾರೆ. ಮಲ್ಲೇಶ್ ಚಿಕ್ಕಪ್ಪನ ಎಂಜಲಲ್ಲಿ ನಂದೂ ಪಾಲಿತ್ತು. ನನ್ ಸಹಿ ಯಾಕೆ ಯಾರೂ ಕೇಳ್ಲಿಲ್ಲ?" ಈ ಪ್ರಶ್ನೆಯನ್ನು ನಾನು ಮಡಿಕೇರಿಯ ಒಬ್ಬ ವಕೀಲರಿಗೆ ಒಪ್ಪಿಸಿದೆ. ಅವರು ಬಹಳ ಹೊತ್ತು ಛಾವಣಿ ನೋಡಿ, "ಪಾಯಿಂಟು ಚೆನ್ನಾಗಿದೆ," ಎಂದರು. ಮಲ್ಲೇಶನಿಗೂ ಹೇಳಿದೆ. ಅವನು ನಿಜವಾಗಿಯೂ ನೊಂದುಕೊಂಡು, ಗುಂಪಿನಿಂದ ವರದಿಯನ್ನು ಅಳಿಸಲು ಹೋಗಿ, ತನ್ನ ಮೊಬೈಲಿನಲ್ಲಿ ಮಾತ್ರ ಅಳಿಸಿಕೊಂಡ. ಈಗ ಅದು ಅವನೊಬ್ಬನಿಗೆ ಕಾಣುವುದಿಲ್ಲ. ಅವನ ಕೈ ಮಾತ್ರ ಇಂದಿಗೂ ನಡುಗದೆ ಬಂಡೆಯ ಹಾಗಿದೆ. ಅರಸು ಮನೆತನದ ಬೋರ್ಡನ್ನು ಏಣಿ ಹತ್ತಿ ತಾನೇ ಗೋಡೆಗೆ ಹೊಡೆದ. ಒಂದು ಮೊಳೆಯೂ ಸೊಟ್ಟಗಾಗಲಿಲ್ಲ.

ಆಮೇಲೆ ಬಹಳ ಕಾಲ ಯಾರೂ ಬರಲಿಲ್ಲ. ಹೋದ ತಿಂಗಳು ಶನಿವಾರಸಂತೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ತೋಟ ನೋಡಿಕೊಳ್ಳುತ್ತಾನೆ, ಮಾತಿನಲ್ಲಿ ಮೆತ್ತಗೆ, ಗಿರಿಜೆ ಅವನ ಮುಂದೆ ಎರಡು ಸಲ ನಕ್ಕಳು. ನಮ್ಮ ವಿಷಯವೆಲ್ಲ ಅವರಿಗೆ ಗೊತ್ತಿತ್ತು. ಹುಡುಗನ ಅಪ್ಪ ಕಾಫಿ ತೆಗೆದುಕೊಂಡು, ಕುಡಿದು, "ಚನ್ನಪ್ಪೋರೆ, ಅದೇನೋ ಉಗುಳ್ಸೋದು ಗಿಗುಳ್ಸೋದು ನಮ್ಗೆ ಬ್ಯಾಡ. ಮನುಷ್ಯ ಅಂದ್ಮೇಲೆ ಏನಾದ್ರೂ ಇದ್ದೇ ಇರ್ತದೆ. ಹುಡ್ಗಿ ಒಪ್ಪಿದ್ರೆ ಸಾಕು," ಎಂದರು. ಪಾರ್ವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಳ್ಳಬೇಕಿತ್ತು. ಆದರೆ ಆ ಮನುಷ್ಯನ ಔದಾರ್ಯ ನನ್ನೊಳಗೆ ಮುಳ್ಳಿನಂತೆ ಚುಚ್ಚಿಕೊಂಡಿತು. ಬೇಡ ಅನ್ನುತ್ತಾರಲ್ಲ, ಯಾಕೆ ಬೇಡ? ಮುಚ್ಚಿಡಲು ಏನೂ ಇಲ್ಲದವರು ಇಷ್ಟು ಸುಲಭವಾಗಿ ಬೇಡ ಅನ್ನುತ್ತಾರೆಯೇ? ಹುಡುಗನ ತಾಯಿ ಒಮ್ಮೆ ಕೆಮ್ಮಿದರು. ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

"ತಮ್ಮ ತಂದೆಯವರು ಹೋಗಿದ್ದು ಯಾವುದರಿಂದ?" ಎಂದು ಕೇಳಿದೆ.

"ಏಣಿಯಿಂದ. ಮೆಣಸು ಕುಯ್ಯೋವಾಗ ಬಿದ್ರು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಪಾರ್ವತಿ ನನ್ನ ಕಡೆ ಕಣ್ಣು ಬಿಟ್ಟಳು ಕೂಡ. "ಯಾಕೆ ಬಿದ್ದರು? ಏಣಿ ಜಾರಿತೋ, ಇಲ್ಲಾ ಕೈ ನಡುಗಿತೋ?" ಎಂದೆ.

ಅವರು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಳೆಯ ವಿಷಯ, ಮೆಣಸಿನ ರೇಟಿನ ವಿಷಯ ಮಾತಾಡಿದರು. ಮನೆಯಲ್ಲಿ ವಿಚಾರಿಸಿ ತಿಳಿಸುತ್ತೇವೆ ಎಂದು ಬಹಳ ಮರ್ಯಾದೆಯಿಂದ ಎದ್ದುಹೋದರು. ಹುಡುಗ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ. ಗಿರಿಜೆ ಒಂದೊಂದಾಗಿ ಲೋಟ ಎತ್ತಿಕೊಂಡು ನನ್ನ ಮುಂದೆ ನಿಂತಳು.

"ಈ ಸಲ ಯಾರೂ ಉಗುಳ್ಲಿಲ್ಲ ಅಪ್ಪ," ಎಂದಳು.

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಒಳಗೆ ಪೂರಾ ಒಣಗಿತ್ತು. ಆ ಹೊತ್ತಿಗೆ ಯಾವ ಕಂಪನಿಯವರು ಬಂದು ಟ್ಯೂಬು ಹಿಡಿದಿದ್ದರೂ ನನ್ನಿಂದ ಒಂದು ತೊಟ್ಟು ಸಿಗುತ್ತಿರಲಿಲ್ಲ.