ಪೇಶ್ಕಾರರು ಏನೂ ಕಂಡಿಲ್ಲ

ಮಾಸ್ತರಕಿ ಮಾಡಿದವನಿಗೆ ನಗೋ ಪ್ರಸಂಗ ಹುಡುಕೋ ಕೆಲಸ ಇಲ್ರಿ, ಅವೇ ಮನಿ ಕೇಳ್ಕೊಂಡು ಬರ್ತಾವ. ಆದರ ಪೋಲೀಸ್ ಆ್ಯಕ್ಷನ್ ಆದ ಹೊಸತರಾಗ ಬಂದವು ಇನ್ನೂ ನನ್ನ ಮನಿ ಬಿಟ್ಟು ಹೋಗಿಲ್ಲ.

ಅಲ್ಲಿತನಕ ನಿಜಾಮನ ರಾಜ್ಯ, ನಮ್ಮ ಬೀದರ ಕಡಿ ಕಚೇರಿಗಳಾಗ ಎಲ್ಲಾ ಉರ್ದು. ಆ್ಯಕ್ಷನ್ ಆದ ಮ್ಯಾಲ ಹುಕುಂ ಬಂತು: ಗುಮಾಸ್ತರೆಲ್ಲ ಇಂಗ್ಲಿಷ್ ಕಲೀಬೇಕು, ಬೀದರಿಗೆ ಬಂದು ಸಾಹೇಬರ ಮುಂದ ನಾಲ್ಕು ಮಾತು ಆಡಿ ತೋರಿಸಬೇಕು, ಇಲ್ಲಂದ್ರ ನೌಕರಿ ಇಲ್ಲ. ನಾ ಆಗ ಹೊಸಾ ಮ್ಯಾಟ್ರಿಕ್. ಭಾಲ್ಕಿ, ಔರಾದ್ ಎರಡೂ ಕಡಿ ಕಲಿಸ್ಲಕ ನನ್ನ ಹಚ್ಚಿದ್ರು.

ಪಟೇಲರ ಕುದುರಿ

ಭಾಲ್ಕಿ ಕಚೇರಿಯ ಪೇಶ್ಕಾರರು ನನ್ನ ಎಲ್ಲಾ ವಿದ್ಯಾರ್ಥಿಗಳಿಗಿಂತ ಹಿರಿಯರು. ತಹಸೀಲ್ದಾರರ ಮುಂದ ಕಾಗದ ಇಡೋ ಕೆಲಸ, ತಲಿಗಿ ದೊಡ್ಡ ರುಮಾಲು. ಪೆನ್ಶನ್ ಕೈಗೆ ಬರೋ ಹೊತ್ತಿನ್ಯಾಗ ಈ ಇಂಗ್ಲಿಷ್ ಅಡ್ಡ ಬಂದಿತ್ತು. ಫೇಲಾದ್ರ ನೌಕರಿ ಸಂಗಟ ಪೆನ್ಶನ್ನೂ ಹೋಗ್ತದ ಅಂತ ಪಾಪ ಅವರಿಗೆ ಊಟ ಸೇರ್ತಿದ್ದಿಲ್ಲ.

ಮೊದಲ ದಿನ ಹಲಗಿ ಮ್ಯಾಲ ಬರದೆ: ಐ ಸಾ ದಿ ಪಟೇಲ್ಸ್ ಹಾರ್ಸ್. ನಾ ಪಟೇಲರ ಕುದುರಿ ಕಂಡೆ ಅಂತ ಅರ್ಥನೂ ಹೇಳ್ದೆ. ಎಲ್ಲಾರೂ ಪೇಶ್ಕಾರರ ಮಾರಿ ನೋಡಿದ್ರು.

ಪೇಶ್ಕಾರರು ಮೆಲ್ಲಗ ಕೇಳಿದ್ರು, "ಮಾಸ್ತರ, ಪಟೇಲರ ಕುದುರಿ ಕಳದದ ಏನ್ರಿ?"

"ಇಲ್ರಿ, ಇದು ಬರೇ ಪಾಠ."

"ಪಾಠ ಇರ್ಲಿ. ಕಂಡೀನಿ ಅಂದ್ರ ಎಲ್ಲಿ ಅಂತಾರ. ಎಲ್ಲಿ ಅಂತ ಹೇಳಿದ್ರ ಮ್ಯಾಲ ಯಾರು ಕುಂತಿದ್ರು ಅಂತಾರ. ಆ್ಯಕ್ಷನ್ನಿಗಿಂತ ಮೊದಲ ಒಬ್ಬರು ಬಂದು ಕೇಳ್ತಿದ್ರು, ಈಗ ಇನ್ನೊಬ್ಬರು ಬಂದು ಕೇಳ್ತಾರ. ಎರಡೂ ದರಬಾರದಾಗ ನಾ ಉಳಕೊಂಡಿದ್ದು ಒಂದೇ ಮಾತಿನಿಂದ. ನಾ ಏನೂ ಕಂಡಿಲ್ಲ."

ಉಳದವರೂ ಹೌದ್ಹೌದು ಅಂತ ತಲಿ ಅಲ್ಲಾಡ್ಸಿದ್ರು. ನನಗ ಸಿಟ್ಟು ಬಂತು. "ಆತು, ಅದನ್ನೇ ಇಂಗ್ಲಿಷಿನ್ಯಾಗ ಹೇಳ್ರಿ" ಅಂತ 'ಐ ಸಾ ನಥಿಂಗ್' ಹೇಳಿಕೊಟ್ಟೆ. ಸಂಜಿ ಆಗೋದ್ರಾಗ ಇಡೀ ಕಚೇರಿ ಬಾಯಿಪಾಠ ಮಾಡಿತ್ತು. ಬಾಗಿಲ ಕಾಯೋ ಜವಾನನೂ ಕಲ್ತಿದ್ದ.

ಪೇಶ್ಕಾರರ ಆಕಳ

ಮರುದಿನ ಉಪಾಯ ಬದಲಿಸಿದೆ. "ಪಟೇಲರದು ಬ್ಯಾಡ್ರಿ. ನಿಮ್ಮ ಮನಿ ಆಕಳ ಕಂಡೀನಿ ಅನ್ರಿ. ಇದಕ್ಕ ಯಾರು ಬಂದು ಕೇಳ್ತಾರ?"

ಪೇಶ್ಕಾರರು ವಿಚಾರ ಮಾಡಿದ್ರು. "ನಿನ್ನಿ ಕಂಡೀನಿ, ಇವತ್ತ ಕಂಡಿಲ್ಲ. ತಡೀರಿ, ನೋಡಿ ಬರ್ತೇನಿ" ಅಂತ ಎದ್ದೇಬಿಟ್ರು. ಪಂಚನಾಮಿಗೆ ಹೊಂಟವರಂಗ ಅರ್ಧ ಕ್ಲಾಸು ಅವರ ಹಿಂದ ಹೋಯ್ತು. ಒಬ್ಬನೇ ಕುಂತು ಏನ್ ಮಾಡೂದು ಅಂತ ನಾನೂ ಹೋದೆ.

ಮನಿ ಮುಂದ ಆಕಳ ಇಲ್ಲ. ಹಗ್ಗ ಹರಕೊಂಡು ಯಾರದೋ ಜ್ವಾಳದಾಗ ಹೊಕ್ಕಿತ್ತಂತ, ತುಡುಗು ದನ ಕೂಡಿಹಾಕೋ ಕೊಂಡವಾಡಕ್ಕ ಒಯ್ದು ಬಿಟ್ಟಿದ್ರು. ಸುದ್ದಿ ತಂದವನ ಮ್ಯಾಲ ಪೇಶ್ಕಾರರ ಹೆಂಡತಿ ಹರಿಹಾಯ್ಲಕತ್ತಿದ್ರು, "ನಮ್ಮ ಆಕಳ ಮೇದದ್ದು ಯಾರು ಕಂಡಾರ?" ಅಂತ. ನಾ ಅವರಿಗೆ ವೈನಿ ಅಂತಿದ್ದೆ, ಅತ್ತಿಗಿ ಅಂದಂಗ. ಈ ವೈನಿ ಹಂಗೇ. ಯಾರು ಏನು ಹೇಳಿದ್ರೂ, ಕಟ್ಕೊಂಡ ಗಂಡ ಹೇಳಿದ್ರೂ, ಮೊದಲ ಕೇಳೋ ಮಾತು ಅದೇ.

ಪೇಶ್ಕಾರರು ಖಾಲಿ ಗೂಟ ತೋರಿಸಿದ್ರು. "ನೋಡಿದ್ರೇನ್ರಿ ಮಾಸ್ತರ? ನಿಮ್ಮ ಮಾತು ಕೇಳಿದ್ರ ಇಷ್ಟೊತ್ತಿಗೆ ನಾ ಸುಳ್ಳು ಸಾಕ್ಷಿ ಕೊಟ್ಟವ ಆಗ್ತಿದ್ದೆ."

ಔರಾದಿನವರ ಕಣ್ಣು

ಔರಾದಿನ್ಯಾಗೂ ಇದೇ ರೋಗ ಇದ್ರ ನನ್ನ ನೌಕರಿನೂ ಹೋಯ್ತು ಅಂತ ಹೆದರಕೋತ ಹೋದೆ. ತಮ್ಮೂರಿನ ಮಾತು ಬ್ಯಾಡ, ಪರವೂರಿನದು ಆಡಿಸೋಣ ಅಂತ 'ಐ ಸಾ ದಿ ಭಾಲ್ಕಿ ಪೇಶ್ಕಾರ್ಸ್ ಕೌ' ಅಂತ ಶುರು ಮಾಡ್ದೆ. ಏನ್ ಕೇಳ್ತೀರಿ, ಕೆರಿ ಕಟ್ಟಿ ಒಡದಂಗ ಇಂಗ್ಲಿಷ್ ಹರೀತು. ಒಬ್ಬರು ಆಕಳ ಕೊಂಡವಾಡದಾಗ ಕಂಡ್ರು. ಇನ್ನೊಬ್ಬರು ಅದರ ಹಿಂದ ಪೇಶ್ಕಾರರು ಓಡೋದು ಕಂಡ್ರು. ಮತ್ತೊಬ್ಬರು ಅವರ ರುಮಾಲು ಸಗಣ್ಯಾಗ ಬಿದ್ದದ್ದೂ ಕಂಡ್ರು. ಒಬ್ಬರೂ ಭಾಲ್ಕಿ ಕಡಿ ಹೋದವರಲ್ಲ.

ಸುದ್ದಿ ನನಗಿಂತ ಮೊದಲ ಭಾಲ್ಕಿ ಮುಟ್ಟಿತ್ತು. ಪೇಶ್ಕಾರರು ಬಾಗಿಲದಾಗೇ ನನ್ನ ತಡದು, ಆಚೀಚೆ ನೋಡಿ, ಕಿವ್ಯಾಗ ಕೇಳಿದ್ರು, "ರುಮಾಲಿಂದು ಅವರಿಗೆ ಹ್ಯಾಂಗ ಗೊತ್ತಾತ್ರಿ?"

ಸಾಹೇಬರ ಹ್ಯಾಟು

ಪರೀಕ್ಷಾ ಬೀದರದಾಗ, ಕಾಳು ಮಾರೋ ಗಂಜಿನ ಹತ್ತಿರದ ಕಚೇರಿಯೊಳಗ. ಸಾಹೇಬರು ಮದ್ರಾಸ್ ಕಡಿಯವರು, ಕನ್ನಡನೂ ಬರಲ್ಲ, ಉರ್ದುನೂ ಬರಲ್ಲ. ಹ್ಯಾಟು ಜೀಪಿನ ಮ್ಯಾಲ ಬಿಟ್ಟು ಒಳಗ ಕಿಟಕಿಗೆ ಬೆನ್ನು ಹಾಕಿ ಕುಂತಿದ್ರು. ಪೇಶ್ಕಾರರ ಪಾಳಿ ಬಂತು. ರುಮಾಲು ಎರಡು ಸಲ ಸರಿಮಾಡ್ಕೊಂಡ್ರು, ನೋಡಿ ನನಗ ಕೆಟ್ಟ ಅನಿಸ್ತು. ಬಾಜೂಕ ನಿಂತೆ.

ಸಾಹೇಬರು ಕಿಟಕಿ ಕಡಿ ಬೊಟ್ಟು ಮಾಡಿ, ಏನು ಕಾಣ್ತದ ಅಂತ ಇಂಗ್ಲಿಷಿನ್ಯಾಗ ಕೇಳಿದ್ರು. ನಾನೂ ಹಣಕಿದೆ. ಗಂಜಿನಿಂದ ಬಂದ ಆಡೊಂದು ಜೀಪಿನ ಮ್ಯಾಲ ಮುಂಗಾಲಿಟ್ಟು ಸಾಹೇಬರ ಹ್ಯಾಟು ತಿನ್ಲಕತ್ತಿತ್ತು.

"ಐ ಸಾ ನಥಿಂಗ್, ಸರ್" ಅಂದ್ರು ಪೇಶ್ಕಾರರು.

ಸಾಹೇಬರ ಮಾರಿ ಬಿಗೀತು. ಇದೊಂದೇ ಮಾತು ಬರ್ತದೇನು, ನೋಡಿ ಹೇಳು, ಇಲ್ಲಂದ್ರ ಫೇಲ್ ಅಂದ್ರು. ಒಂದು ಕಡಿ ಪೆನ್ಶನ್, ಇನ್ನೊಂದು ಕಡಿ ಇಷ್ಟು ವರ್ಷ ನಡಿಸಿಕೊಂಡು ಬಂದ ವ್ರತ. ಪೇಶ್ಕಾರರು ರುಮಾಲಿನ ಚುಂಗಿನಿಂದ ಬೆವರು ಒರಸ್ಕೊಂಡು, ಒಂದೊಂದೇ ಶಬ್ದ ತೂಗಿ ಹೇಳಿದ್ರು: "ಐ ಸೀ ಗೋಟ್. ಐ ಸೀ ಹ್ಯಾಟ್. ಹೂಸ್ ಗೋಟ್, ಹೂಸ್ ಹ್ಯಾಟ್, ಐ ಡು ನಾಟ್ ಸೀ, ಸರ್."

ಆಡು ಅದ, ಹ್ಯಾಟು ಅದ, ಯಾರದು ಅಂತ ಮಾತ್ರ ನನಗ ಕೇಳಬ್ಯಾಡ್ರಿ ಅಂತ.

ಸಾಹೇಬರು ಕುರ್ಚಿ ಕೆಡವಿ ಓಡಿದ್ರು. ಅರ್ಧ ಹ್ಯಾಟು ಹಿಡಕೊಂಡು ಬಂದು, ಆಡು ಯಾರದು ಅಂತ ಗದರಿದ್ರು. ಪಡಸಾಲ್ಯಾಗ ಕುಂತ ಗುಮಾಸ್ತರು, ಭಾಲ್ಕಿಯವರು ಔರಾದಿನವರು ಎಲ್ಲಾ, ಎದ್ದು ನಿಂತು ಒಂದೇ ದನಿಯಾಗ ಅಂದ್ರು: "ಐ ಸಾ ನಥಿಂಗ್, ಸರ್." ಔರಾದಿನವರಿಗೆ ಅದು ನಾ ಕಲಿಸಿದ್ದಲ್ಲ. ಸಾಹೇಬರು ಹ್ಯಾಟು ನೋಡಿದ್ರು, ಇವರನ್ನ ನೋಡಿದ್ರು, ನಕ್ಕುಬಿಟ್ರು. ಎಲ್ಲಾರೂ ಪಾಸ್.

ಪೇಶ್ಕಾರರು ಪೇಢೆ ತಗೊಂಡು, ನನ್ನನ್ನೂ ಮನಿಗೆ ಕರಕೊಂಡು ಹೋದ್ರು. ಹೊಚ್ಚಲದಾಗ ನಿಂತೇ, "ಏ, ನಾ ಪಾಸಾದೆ" ಅಂದ್ರು.

ವೈನಿ ಪೇಢೆ ಕಡಿ ನೋಡಲೂ ಇಲ್ಲ. "ಯಾರು ಕಂಡಾರ?"

"ಮಾಸ್ತರು ಕಂಡಾರ. ನನ್ನ ಬಾಜೂಕೇ ಇದ್ರು. ಹೇಳ್ರಿ ಮಾಸ್ತರ" ಅಂತ ಪೇಶ್ಕಾರರು ನನ್ನ ಕೈ ಗಟ್ಟಿ ಹಿಡಕೊಂಡ್ರು. ಜೀವಮಾನದಾಗ ಅವರಿಗೆ ಒಬ್ಬ ಸಾಕ್ಷಿದಾರ ಬೇಕಾದದ್ದು ಅವತ್ತೇ.

"ನಾ ಏನೂ ಕಂಡಿಲ್ರಿ, ವೈನಿ" ಅಂದೆ.