ಊಟ ಎಲ್ಲಿ ಚೆನ್ನಾಗಿರುತ್ತೆ, ದನದ ಡಾಕ್ಟರನ್ನು ಕೇಳಿ

ಹೊಟ್ಟೆ ಹಸಿದುಕೊಂಡು ಊರೂರು ತಿರುಗುವವನಿಗೆ ಮರ್ಯಾದೆ ಉಳಿಸಿಕೊಳ್ಳುವುದು ಕಷ್ಟ. ನನ್ನದಂತೂ ವಾರಕ್ಕೊಮ್ಮೆಯಾದರೂ ಯಾವುದಾದರೂ ಕೊಟ್ಟಿಗೆಯ ಮುಂದೆ ಹೋಗಿಯೇ ಹೋಗುತ್ತದೆ. ನಾನು ದನದ ಡಾಕ್ಟರು. ನಂಜನಗೂಡಿನಲ್ಲಿ ಎಂಟು ವರ್ಷ ಇದ್ದೆ, ಈಗ ತಿ. ನರಸೀಪುರಕ್ಕೆ ಬಂದು ಆರನೆಯ ವರ್ಷ. ಈ ಎರಡು ತಾಲ್ಲೂಕಿನಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ಹೊಸದಾಗಿ ಬಂದ ನೌಕರರೆಲ್ಲ ನನ್ನನ್ನೇ ಕೇಳುತ್ತಾರೆ. ಹಿತಕಿದ ಅವರೆಬೇಳೆ ಸಾರಿಗೆ ಯಾವ ಊರು, ಹೊಳೆ ಮೀನಿಗೆ ಯಾವ ದಡ, ಬಸ್ಸಾರಿಗೆ ಯಾರ ಮನೆ, ಎಲ್ಲ ನನಗೆ ಬಾಯಿಪಾಠ. ಹೇಗೆ ಗೊತ್ತಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಮಕ್ಕಳಿಲ್ಲ. ಅಡುಗೆ ಮಾಡಲು ನನಗೆ ಬರುತ್ತದೆ. ಎದುರಿಗೆ ಯಾರೂ ಇಲ್ಲದೆ ಉಣ್ಣಲು ಬರುವುದಿಲ್ಲ. ದಿನಕ್ಕೆ ಒಂದು ಹೊತ್ತು ಇನ್ನೊಬ್ಬರ ಜೊತೆ ಕೂತು ಉಣ್ಣಬೇಕು, ನನ್ನ ಆಸೆ ಅಷ್ಟೇ. ಅದಕ್ಕಾಗಿ ಪಟ್ಟ ಪಾಡುಗಳಿವು.

ಗೋಡೆ ಕಡೆ

ಮೊದಮೊದಲು ಬಸ್ ನಿಲ್ದಾಣದ ಹಿಂದಿನ ಮೆಸ್ಸಿಗೆ ಹೋಗುತ್ತಿದ್ದೆ. ಊಟಕ್ಕೆ ಕೊರತೆ ಹೇಳುವಂತಿಲ್ಲ. ಒಳಗೆ ಕಾಲಿಡುತ್ತಲೇ ಮಾಲೀಕರು ಎಷ್ಟು ಜನ ಎಂದು ಕೇಳುತ್ತಿದ್ದರು. ಒಬ್ಬನೇ ಎಂದರೆ ಗೋಡೆಗೆ ಮುಖ ಮಾಡಿದ ಮೇಜು ತೋರಿಸುತ್ತಿದ್ದರು. ನಾಲ್ಕು ಜನರ ಮೇಜಿಗೆ ಒಬ್ಬನನ್ನು ಕೂರಿಸಿದರೆ ಅವರ ವ್ಯಾಪಾರ ನಡೆಯುವುದು ಹೇಗೆ, ಅವರದೂ ತಪ್ಪಲ್ಲ.

ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಅನ್ನಕ್ಕೊಮ್ಮೆ, ಮಜ್ಜಿಗೆಗೊಮ್ಮೆ ಅದನ್ನೇ ನೋಡುತ್ತ ಉಣ್ಣುತ್ತಿದ್ದೆ. ಎಲ್ಲ ಹಬ್ಬಗಳೂ, ಅಮಾವಾಸ್ಯೆಗಳೂ ಬಾಯಿಗೆ ಬಂದವು. ಒಂದು ದಿನ ತಡೆಯಲಾರದೆ, ತಿಂಗಳು ಮುಗಿದು ಹತ್ತು ದಿನವಾಯಿತು, ಇನ್ನೂ ಹಳೆಯ ಹಾಳೆಯೇ ಇದೆಯಲ್ಲ ಎಂದೆ. ಮಾಲೀಕರು ಇನ್ನೊಂದು ಮೇಜಿಗೆ ಸಾರು ಬಡಿಸುತ್ತಲೇ ಹೇಳಿದರು: "ಅದ ನೋಡೋರು ನೀವೊಬ್ರೇ ಕಣ್ ಸಾ. ನೀವೇ ಮಗುಚಾಕಿ."

ಅಲ್ಲಿಂದ ವರ್ಷ ಮುಗಿಯುವವರೆಗೆ ತಿಂಗಳು ತಿಂಗಳಿಗೆ ಆ ಹಾಳೆ ಮಗುಚುವ ಕೆಲಸ ನನ್ನದಾಯಿತು.

ಯಾವ ಕಡೆಯ ನೆಂಟ

ಮೆಸ್ಸು ಬಿಟ್ಟ ಮೇಲಿನ ಮಾತು. ನಂಜನಗೂಡು ರಸ್ತೆಯ ಒಂದು ಹಳ್ಳಿಗೆ ಕುರಿಗಳಿಗೆ ಲಸಿಕೆ ಹಾಕಲು ಹೋದರೆ ಊರಲ್ಲಿ ಕುರಿಯೂ ಇಲ್ಲ, ಜನವೂ ಇಲ್ಲ. ಎರಡೂ ಶಾಮಿಯಾನದ ಕೆಳಗಿದ್ದವು. ಮದುವೆ ಮುಗಿದ ಮೇಲಿನ ಬೀಗರ ಊಟ. ಯಾರೋ ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿಯೇಬಿಟ್ಟರು. ಎಡಬಲಕ್ಕೆ ಜನ, ಎದುರಿಗೆ ಜನ. ಬಹಳ ದಿನದ ಮೇಲೆ ನನಗೆ ಎಷ್ಟು ಸಂತೋಷವಾಯಿತೆಂದರೆ ನಾನು ಯಾರು ಎಂದು ಹೇಳುವುದೇ ಮರೆತೆ.

ಬೀಗರ ಊಟದಲ್ಲಿ ಎದುರು ಕಡೆಯ ನೆಂಟರ ಎಲೆಗೆ ಕಡಿಮೆಯಾದರೆ ಮಾನ ಹೋಯಿತೆಂದೇ ಲೆಕ್ಕ. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವನೆಂದುಕೊಂಡರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದುಕೊಂಡರು. ಒಳ್ಳೊಳ್ಳೆಯ ತುಂಡುಗಳೆಲ್ಲ ಎರಡೂ ದಿಕ್ಕಿನಿಂದ ಬಂದು ನನ್ನ ಎಲೆಗೇ ಬಿದ್ದವು. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಗಂಡಿನ ಸೋದರಮಾವನ ಎಲೆಗೆ ಬರೀ ಸಾರು ಬಂತು. ಅವರು ಎದ್ದು ಹೊರಟರು. ಗಲಾಟೆಯಾಯಿತು, ವಿಚಾರಣೆಯಾಯಿತು, ನಾನು ಸಿಕ್ಕಿಬಿದ್ದೆ.

ಬೈಯುತ್ತಾರೆಂದು ಕೈ ತೊಳೆಯಲು ಎದ್ದೆ. ಹಿರಿಯರೊಬ್ಬರು ತಡೆದು, ಸೋದರಮಾವನನ್ನು ಕರೆತರಲು ನನ್ನನ್ನೇ ಕಳಿಸಿದರು. ಯಾವ ಕಡೆಯವರು ಹೋದರೂ ಆತ ಕೇಳುವುದಿಲ್ಲವಂತೆ. "ಯಾರ್ಗೂ ಏನೂ ಆಗ್ದೇ ಇರೋರು ಇಲ್ಲಿ ನೀವೊಬ್ರೇ ಇರೋದು" ಎಂದರು. ಆ ಮಾತು ನೆಟ್ಟಗೆ ಎದೆಗೇ ನಾಟಿತು.

ಸೋದರಮಾವ ಬಂದರು, ನೀವು ಪಕ್ಕದಲ್ಲಿ ಕೂತು ಉಂಡರೆ ಮಾತ್ರ ನಾನೂ ಉಣ್ಣುತ್ತೇನೆ ಎಂದರು. ಅವರ ಮಾನ ಉಳಿಸಲು ಎರಡನೆಯ ಸಲ ಉಂಡೆ.

ಒಂದು ಗಂಟೆಯ ಡಾಕ್ಟರು

ಕೊಟ್ಟಿಗೆಗೆ ಬಂದ ಡಾಕ್ಟರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಇದನ್ನು ತಿಳಿದುಕೊಂಡು ನಾನು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ಸುತ್ತೂರಿನ ಆಚೆಯ ಒಂದು ಮನೆಯಲ್ಲಿ ಮಾತ್ರ ಯಜಮಾನಿ ಬಸ್ಸಾರು ಬಡಿಸುತ್ತ ಬಹಳ ವಿನಯದಿಂದ ಹೇಳಿದರು: "ಹಸ ಬೆಳಿಗ್ಗೆಯಿಂದ ನರಳ್ತಾ ಅದೆ ಸಾ. ಇನ್ಮೇಲೆ ತಿಂಡಿ ಹೊತ್ತಿಗೇ ಬಂದ್ಬುಡಿ. ರೊಟ್ಟಿ ಮಾಡಿರ್ತೀನಿ, ಹಸನೂ ಬದುಕ್ತದೆ."

ಮೇವು ಬಿಟ್ಟ ಎಮ್ಮೆ

ಮುಡುಕುತೊರೆಯ ಹತ್ತಿರ ನನ್ನದೇ ವಯಸ್ಸಿನ ಒಬ್ಬರಿದ್ದಾರೆ. ಹಿಂದೆ ಲಾರಿ ಓಡಿಸುತ್ತಿದ್ದವರು. ಅವರ ಹೆಂಡತಿಯೂ ಇಲ್ಲ; ಮನೆಯಲ್ಲಿ ಇದ್ದದ್ದು ಅವರು ಮತ್ತು ಒಂದು ಎಮ್ಮೆ. ಒಂದು ಗುರುವಾರ ಫೋನ್ ಮಾಡಿ, ಎಮ್ಮೆ ಮೇವು ಬಿಟ್ಟಿದೆ ಎಂದರು. ಓಡಿ ಹೋದೆ. ಎಮ್ಮೆ ಆರಾಮವಾಗಿ ಮೆಲುಕು ಹಾಕುತ್ತಿತ್ತು. ನಾನು ಜ್ವರ ನೋಡಿ ತಿರುಗುವಷ್ಟರಲ್ಲಿ ಒಳಗೆ ಎರಡು ತಟ್ಟೆ ಇಟ್ಟಿದ್ದರು.

ಅಷ್ಟು ಕೆಟ್ಟ ಊಟವನ್ನು ನಾನು ಎರಡು ತಾಲ್ಲೂಕಿನಲ್ಲೂ ಉಂಡಿಲ್ಲ. ಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು. ಸಾರಿಗೆ ಒಂದು ವಾರ ಉಪ್ಪು ಜಾಸ್ತಿ, ಮರುವಾರ ಉಪ್ಪೇ ಇಲ್ಲ. ಎರಡನ್ನೂ ಬೆರೆಸಿದ್ದರೆ ಸರಿಹೋಗುತ್ತಿತ್ತು. ಆದರೂ ಪ್ರತಿ ಗುರುವಾರ ಎಮ್ಮೆ ಮೇವು ಬಿಟ್ಟಿತು, ಪ್ರತಿ ಗುರುವಾರ ನಾನು ಹೋದೆ. ಅವರು ಲಾರಿಯ ಕಥೆ ಹೇಳುತ್ತಿದ್ದರು. ನಾನು ಹೆಂಡತಿಯ ಮಾತು ತೆಗೆಯುತ್ತಿದ್ದೆ. ಬೇರೆ ಯಾರ ಮುಂದೆಯೂ ತೆಗೆದವನಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಪ್ರತಿಸಲ ಅಜೀರ್ಣ ಎಂದು ಬರೆದೆ. ಯಾರದು ಎಂದು ಬರೆಯಲಿಲ್ಲ.

ಆಮೇಲೆ ಅವರಿಗೆ ಮಂಡಿ ನೋವು ಶುರುವಾಯಿತು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾಗದೆ ಎಮ್ಮೆಯನ್ನು ಪಕ್ಕದ ಊರಿನವರಿಗೆ ಮಾರಿದರು. ಕೊಂಡವರು ಕೇಳಿದರೆಂದು ಆಸ್ಪತ್ರೆಗೆ ಬಂದು ನನ್ನಿಂದಲೇ ಸರ್ಟಿಫಿಕೇಟ್ ಬರೆಸಿಕೊಂಡರು. ಎಮ್ಮೆ ಪೂರ್ಣ ಆರೋಗ್ಯವಾಗಿದೆ, ಮೇವು ಚೆನ್ನಾಗಿ ತಿನ್ನುತ್ತದೆ ಎಂದು ಬರೆದು ಸಹಿ ಹಾಕಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಮ್ಮೆಯೇ ಇಲ್ಲದ ಮನೆಗೆ ದನದ ಡಾಕ್ಟರು ಯಾವ ನೆಪದಲ್ಲಿ ಹೋಗುವುದು? ಬನ್ನಿ ಎನ್ನಲು ಅವರಿಗೆ ಸಂಕೋಚ, ಬರುತ್ತೇನೆ ಎನ್ನಲು ನನಗೆ.

ಮುಂದಿನ ಗುರುವಾರ ಬೆಳಗಿನಿಂದ ನನಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಹನ್ನೆರಡಾಯಿತು. ಊಟದ ಡಬ್ಬಿ ತೆಗೆದು, ಹಾಗೇ ಮುಚ್ಚಿಟ್ಟೆ. ಹನ್ನೆರಡೂವರೆಗೆ ಫೋನ್ ಬಂತು. ಅವರೇ.

"ಸಾ, ಎಮ್ಮೆ ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ. ಬಿರ್‍ನೆ ಬನ್ನಿ."

ನಾನು ಆಗಲೇ ಬ್ಯಾಗು ತೆಗೆದುಕೊಂಡಾಗಿತ್ತು.

"ಕಟ್ಟಾಕಿರಿ, ಬಿಚ್ಚಬೇಡಿ. ಬಂದೆ" ಎಂದೆ.