ಇವರು ಬಿಟ್ಟುಹೋದ ಜಿರಳೆಗಳು

ಸತ್ತವರ ವಸ್ತುಗಳನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕೊಡೆ, ಚಪ್ಪಲಿ, ಹಾಸಿಗೆ ದಾನಕ್ಕೆ ಹೋಗುತ್ತವೆ. ಕೈಗಡಿಯಾರ ತಮ್ಮನಿಗೆ. ಕನ್ನಡಕವನ್ನು ಯಾರೂ ಕೇಳುವುದಿಲ್ಲ. ಅದು ಕಪಾಟಿನ ಮೇಲಿನ ಖಾನೆಯಲ್ಲಿ ಕಾಲು ಮಡಚಿಕೊಂಡು ಕೂತಿರುತ್ತದೆ. ಇಷ್ಟು ನನಗೂ ಗೊತ್ತಿತ್ತು. ಆದರೆ ಸತ್ತವರು ಒಂದು ಡಬ್ಬಿಯ ತುಂಬ ಜೀವಂತ ಜಿರಳೆಗಳನ್ನು ಬಿಟ್ಟುಹೋದರೆ ಅವು ಯಾರ ಪಾಲಿಗೆ ಬರಬೇಕು? ನಮ್ಮ ಹಿರಿಯರು ಯಾರೂ ಇದಕ್ಕೆ ಉತ್ತರ ಹೇಳಿ ಹೋಗಿಲ್ಲ. ನಾನು ಹತ್ತನೆಯ ಇಯತ್ತೆಯವರೆಗೆ ಕಲಿತವಳು. ಕಲಿತ ಪುಸ್ತಕಗಳಲ್ಲೂ ಇದು ಬಂದ ನೆನಪಿಲ್ಲ.

ಜಿರಳೆ ಸಾಕುವುದೆಂದರೆ ಏನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇವರು, ಅಂದರೆ ನನ್ನ ಯಜಮಾನರು, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮಾಳಮಡ್ಡಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಒಂದು ದಿನ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಹೆಬ್ಬೆರಳಿನಷ್ಟು ಮೀನೊಂದನ್ನು ತಂದರು. ನಮಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಏನಾದರೂ ಓಡಾಡಲಿ ಎಂದು ನಾನೂ ಸುಮ್ಮನಾದೆ. ಆರು ತಿಂಗಳಲ್ಲಿ ಅದು ನನ್ನ ಅಂಗೈಗಿಂತ ದೊಡ್ಡದಾಯಿತು. ಕಪ್ಪು ಮೈ, ಕೇಸರಿ ಮಚ್ಚೆ, ಕೆಳತುಟಿ ಮುಂದೆ ಚಾಚಿದ ಸಿಡುಕು ಮುಖ. ಆಸ್ಕರ್ ಎಂಬ ಜಾತಿಯಂತೆ. ಮುಖ ತಮ್ಮ ಅಂಗಡಿಯ ಮಾಲೀಕರದ್ದೇ ಎಂದು ಇವರು ಅದಕ್ಕೆ ಸಾಹೇಬರು ಎಂದು ಹೆಸರಿಟ್ಟರು. ಹಗಲೆಲ್ಲ ಆ ಸಾಹೇಬರ ಮುಂದೆ ಹೇಳಲಾಗದ್ದನ್ನು ಸಂಜೆ ಈ ಸಾಹೇಬರ ಮುಂದೆ ಹೇಳುತ್ತಿದ್ದರು. "ಏನ್ರಿ ಸಾಹೇಬ್ರ, ಇಷ್ಟ್ ದೊಡ್ಡ ಬಾಯಿ ತಗದು ಏನ್ ಮಾಡವ್ರು? ಹಿಡೀರಿ ನಿಮ್ಮ ಪಗಾರ!" ಎಂದು ಒಂದು ಜಿರಳೆಯನ್ನು ನೀರಿಗೆ ಬಿಡುವರು. ಸಾಹೇಬರು ಟಪಕ್ಕನೆ ನುಂಗುವರು.

ಅಂಗಡಿಯಲ್ಲಿ ಸಿಗುವ ಮೀನಿನ ಕಾಳು ಹಾಕಿದರೆ ಇದು ಬಾಯಿಗೆ ತೆಗೆದುಕೊಂಡು ಥೂ ಎಂದು ಉಗುಳುತ್ತಿತ್ತು. ಜಿರಳೆಯ ರುಚಿ ಹಚ್ಚಿದವರು ಇವರೇ. ಮನೆಯ ಜಿರಳೆ ಹಿಡಿದು ಹಾಕಬಾರದಂತೆ, ಅವು ಎಲ್ಲಿ ಏನು ಔಷಧ ತಿಂದಿರುತ್ತವೆಯೋ. ಶುದ್ಧವಾಗಿ ಬೆಳೆದ ಜಿರಳೆಯೇ ಬೇಕು. ಹಾಗೆಂದು ನನ್ನ ಜೋಳದ ಹಿಟ್ಟಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಹೋಯಿತು. ಜಿರಳೆ ಹತ್ತಿ ಹೊರಗೆ ಬಾರದಂತೆ ಅದರ ಒಳಬಾಯಿಗೆ ಸುತ್ತಲೂ ವ್ಯಾಸಲೀನು. ಒಳಗೆ ಗೋಧಿ ತೌಡು, ಗಜ್ಜರಿ ಚೂರು, ಸವತೆಕಾಯಿ ತುದಿ, ಕುಡಿಯಲು ಒದ್ದೆ ಹತ್ತಿ. "ಗಜ್ಜರಿ ತೊಳದು ಹಾಕು, ಮಣ್ಣು ಇರತದ" ಎಂದು ನನಗೇ ಹೇಳುವರು. ಮದುವೆಯಾಗಿ ಬಂದಾಗಿನಿಂದ ಜಿರಳೆ ಕಂಡರೆ ಕಸಬರಿಗೆ ಹುಡುಕುತ್ತಿದ್ದ ನಾನು, ಅವಕ್ಕೆ ಗಜ್ಜರಿ ತೊಳೆಯುವವಳಾದೆ.

ಅವು ಅಡಗಿ ಕೂರಲು ರಟ್ಟಿನ ತತ್ತಿ ಟ್ರೇ ಬೇಕಾಗುತ್ತಿತ್ತು. ಇವರು ಅದನ್ನು ಹುಬ್ಬಳ್ಳಿಯಿಂದ ಹಳೆಯ ಪೇಪರಿನಲ್ಲಿ ಸುತ್ತಿ ತರುವರು. ಒಂದು ಸಲ ಪೇಪರು ಹರಿದು, ಟ್ರೇ ಪಕ್ಕದ ಮನೆಯ ಇಂದಿರಾಬಾಯಿಯವರ ಕಣ್ಣಿಗೆ ಬಿತ್ತು. ಮರುದಿನದಿಂದ ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಈ ಮನೆಯವರು ಕದ್ದು ತತ್ತಿ ತಿನ್ನುತ್ತಾರೆ ಎಂದು ಓಣಿಯೆಲ್ಲ ಗುಸುಗುಸು. ನಾವು ತತ್ತಿ ತಿನ್ನುವುದಿಲ್ಲ, ಜಿರಳೆ ಸಾಕುತ್ತೇವೆ ಎಂದು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಯಾವುದು ಹೆಚ್ಚಿನ ಮಾನ ಎಂದು ಬಹಳ ಯೋಚಿಸಿ, ತತ್ತಿಯೇ ಇರಲಿ ಎಂದುಕೊಂಡೆ. ಡಬ್ಬಿಯನ್ನು ಪಡಸಾಲೆಯಲ್ಲಿ ಮೀನಿನ ಗಾಜಿನ ತೊಟ್ಟಿಯ ಮಗ್ಗುಲಿಗೆ ಸ್ಟೂಲಿನ ಮೇಲಿಟ್ಟು, ನನ್ನ ಹಳೆಯ ಸೀರೆಯ ಪರದೆ ಕಟ್ಟಿದ್ದೆವು. ಬಾಗಲಕೋಟೆಯಿಂದ ಬಂದ ನಮ್ಮ ಸೋದರತ್ತೆ ಅದರ ಒಳಗೆ ದೇವರಿದೆ ಎಂದು ತಿಳಿದು ಹೊರಡುವಾಗ ಕೈಮುಗಿದು ಹೋದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಅವರು ಓಣಿ ತಿರುಗಿದ ಮೇಲೆ ನಕ್ಕ ನಗು, ಈಗ ನೆನೆದರೆ, ನಮ್ಮ ಸಂಸಾರದಲ್ಲಿ ಇಬ್ಬರೂ ಒಟ್ಟಿಗೆ ನಕ್ಕ ದೊಡ್ಡ ನಗು.

ಇವರು ಏಕಾದಶಿ ಬಿಟ್ಟವರಲ್ಲ. ಮೀನಿಗೂ ಆಗಾಗ ಉಪವಾಸ ಒಳ್ಳೆಯದು ಎಂದು ಮೀನು ಮಾರಿದ ಅಂಗಡಿಯವನು ಹೇಳಿದ್ದೇ ತಡ, ಸಾಹೇಬರಿಗೂ ಏಕಾದಶಿ ಜಾರಿಯಾಯಿತು. "ಜಿರಳಿಗೂ ಇವತ್ತು ಜೀವದಾನ ನೋಡು. ಒಂದು ಉಪವಾಸದಾಗ ಮೂರು ಪುಣ್ಯ" ಎನ್ನುವರು. ದ್ವಾದಶಿ ಬೆಳಿಗ್ಗೆ ಮೀನಿಗೆ ಮೂರು ಜಿರಳೆಯ ಪಾರಣೆ. ಅಷ್ಟರಲ್ಲಿ ಪುಣ್ಯ ಎಷ್ಟು ಉಳಿಯುತ್ತಿತ್ತೋ ನಾನು ಕೇಳಲಿಲ್ಲ.

ಹೀಗಿರುವಾಗ ಆಷಾಢದ ಒಂದು ಬೆಳಿಗ್ಗೆ ಇವರು ಚಹಾ ಕುಡಿದು, ಕಪ್ಪನ್ನು ಕೆಳಗಿಟ್ಟು, ಎದೆ ಹಿಡಿದುಕೊಂಡರು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮನೆ ತುಂಬ ಜನ ಬಂದರು. ಆ ಗದ್ದಲದಲ್ಲಿ ಮೀನನ್ನು ಯಾರೂ ನೋಡಲಿಲ್ಲ. ನಾಲ್ಕನೆಯ ದಿನ ನೋಡುತ್ತೇನೆ, ಅದು ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಾಗಿ ಮಲಗಿದೆ. ಸತ್ತಿತೇ ಎಂದುಕೊಂಡರೆ ಕಿವಿರು ಆಡುತ್ತಿತ್ತು. ಸಂಜೆ ಆರೂವರೆಗೆ ಮಾತ್ರ ಎದ್ದು, ಬಾಗಿಲ ಕಡೆಯ ಗಾಜಿಗೆ ಬಂದು ನಿಲ್ಲುವುದು. ಹುಬ್ಬಳ್ಳಿಯ ಬಸ್ಸು ಬರುವ ಹೊತ್ತು ಅದು. ಆ ಹೊತ್ತಿಗೆ ನಾನೂ ಬಾಗಿಲು ನೋಡುತ್ತಿದ್ದೆ. ಮನೆಯಲ್ಲಿ ಇಬ್ಬರೂ ದಿನಾ ಒಂದೇ ತಪ್ಪು ಮಾಡುತ್ತಿದ್ದೆವು.

ನನ್ನ ಮೈದುನ ವಸಂತ "ವೈನಿ, ಆ ಮೀನು ಅಂಗಡಿಯವಂಗ ವಾಪಸ್ ಕೊಟ್ಟು ಬರ್ತೇನಿ ತಗೋರಿ" ಎಂದ. ಬೇಡ ಎಂದೆ. ಆರೂವರೆಗೆ ನನ್ನೊಂದಿಗೆ ಬಾಗಿಲು ನೋಡುವ ಇನ್ನೊಂದು ಜೀವ ನನಗೆ ಎಲ್ಲಿ ಸಿಗಬೇಕು? ಆದರೆ ಅದು ಉಳಿಯಬೇಕಾದರೆ ಜಿರಳೆ ಹಾಕಬೇಕು. ಹಾಕುವವರು ಯಾರು? "ನೀನs ಒಂದು ಹಿಡದು ಬಿಡಪಾ" ಎಂದರೆ ವಸಂತ ಎರಡು ಹೆಜ್ಜೆ ಹಿಂದೆ ಸರಿದ. "ನಾ ಸಂಧ್ಯಾವಂದನಿ ಮಾಡಾಂವ್ರಿ ವೈನಿ!" ನಾನು ಕೈ ಚಾಚಿದೆ. ಡಬ್ಬಿಯೊಳಗಿನ ಸರಸರ ಸದ್ದು ಕೇಳಿ ಕೈ ತಾನಾಗಿ ಹಿಂದಕ್ಕೆ ಬಂತು. ಜೀವವಿರುವುದನ್ನು ಎತ್ತಿ ಇನ್ನೊಂದರ ಬಾಯಿಗೆ ಕೊಡಲು ನನ್ನಿಂದಾಗಲಿಲ್ಲ. ಗಜ್ಜರಿ ಮಾತ್ರ ಹಾಕಿ ಬಂದೆ.

ಹತ್ತನೆಯ ದಿನ ಮಠದ ಹಿತ್ತಲಲ್ಲಿ ಪಿಂಡ ಇಟ್ಟರು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಅದನ್ನು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಅಂದು ಒಂದು ಕಾಗೆ ಗೋಡೆಯ ಮೇಲೆ ಕೂತಿತ್ತು, ಇಳಿಯಲಿಲ್ಲ. ವಸಂತ "ಅಣ್ಣಾ, ವೈನೀನ್ನ ನಾ ನೋಡ್ಕೋತೇನಿ" ಎಂದು ಕಣ್ಣೊರೆಸಿಕೊಂಡ. ಕಾಗೆ ಕೊಕ್ಕು ಒರೆಸಿಕೊಂಡಿತು. ನಾದಿನಿ ಸುಶೀಲಾ "ಅಣ್ಣಾ, ಪ್ರತಿ ವರ್ಷಾ ನಿನ್ನ ಶ್ರಾದ್ಧ ತಪ್ಪಸಂಗಿಲ್ಲ" ಎಂದಳು. ಕಾಗೆ ಆಚೆ ಮುಖ ಮಾಡಿತು. ಇಂದಿರಾಬಾಯಿಯವರೂ ನಡುವೆ "ಇನ್ನ ಮ್ಯಾಲೆ ಚಹಾ ಕುಡೀಲಿಕ್ಕೆ ಬರ್ತೇನ್ರಿ" ಎಂದು ಹೇಳಿ ನೋಡಿದರು. ಅರ್ಧ ಗಂಟೆಯಾಯಿತು. ಆಚಾರ್ಯರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿಬಿಡೋಣವೆಂದು ಹೊಸೆಯಲು ಶುರುಮಾಡಿದರು.

ಇವರ ಮನಸ್ಸಿನಲ್ಲಿ ಏನು ಉಳಿದಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಬಾಯೊಳಗೇ ಅಂದೆ. ಆಚಾರ್ಯರು ಕೇಳಿಸಿಕೊಂಡು, "ಜೋರಲೆ ಹೇಳ್ರಿ ತಾಯೀ, ಕಾಗಿಗೆ ಕೇಳಬೇಕಲ್ಲ" ಎಂದರು. ಗಾಬರಿಯಲ್ಲಿ ಕಿರುಚಿಯೇಬಿಟ್ಟೆ. "ನಿಮ್ಮ ಜಿರಳಿಗೆ ನಾ ಊಟಾ ಹಾಕ್ತೇನ್ರೀ! ಒಂದನ್ನೂ ಉಪವಾಸ ಕೆಡವಂಗಿಲ್ಲ!"

ಕಾಗೆ ನೆಟ್ಟಗೆ ಬಂದು ಪಿಂಡಕ್ಕೆ ಕೊಕ್ಕು ಹಾಕಿತು.

ಮೊದಲು ಮಾತಾಡಿದವರು ಇಂದಿರಾಬಾಯಿ. "ಜಿರಳಿ? ಹಂಗಾರ ಆ ತತ್ತಿ ಟ್ರೇ... ನೀವು ತತ್ತಿ ತಿಂತಿರಲಿಲ್ಲೇನ್ರಿ?" ಅವರ ದನಿಯಲ್ಲಿ ಇಷ್ಟು ವರ್ಷದ ಒಂದು ಒಳ್ಳೆಯ ಸುದ್ದಿ ಕೈತಪ್ಪಿದ ದುಃಖವಿತ್ತು.

ಮನೆಗೆ ಬಂದ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ಹೇಳಬೇಕಾಗಿದ್ದುದು ಮೀನಿಗೆ ಊಟ ಹಾಕುತ್ತೇನೆ ಎಂದು. ಆ ಗಾಬರಿಯಲ್ಲಿ ಮಾತು ಕೊಟ್ಟದ್ದು ಜಿರಳೆಗೆ. ವೈಕುಂಠ ಸಮಾರಾಧನೆಯ ದಿನ, ಈಗ ಏನು ಮಾಡಲಿ ಎಂದು ಆಚಾರ್ಯರನ್ನು ಕೇಳಿದೆ.

"ಕಾಗಿ ಯಾವ ಮಾತಿಗೆ ಬಂತ್ರೀ?" ಎಂದು ಅವರೇ ತಿರುಗಿ ಕೇಳಿದರು.

"ಜಿರಳಿಗೆ."

"ಮತ್ತ ಮುಗೀತಲ್ಲ. ಅನ್ನಾ ಹಾಕ್ತೇನಿ ಅಂತ ಮಾತು ಕೊಟ್ಟು, ಆಮ್ಯಾಲೆ ಅದನ್ನs ಒಯ್ದು ಮೀನಿನ ಬಾಯಿಗೆ ಕೊಡೂದಂದ್ರ..." ಎಂದು ಕಣ್ಣು ಮುಚ್ಚಿದರು.

"ಹಂಗಾರ ಮೀನು?"

"ಮೀನಿನ ಮಾತು ಕಾಗಿ ಮುಂದ ಬಂದಿಲ್ಲ ತಾಯಿ" ಎಂದು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರು.

ನನಗೆ ತಲೆ ಕೆಟ್ಟಿತು. ಮೀನನ್ನು ಉಳಿಸಿದರೆ ಮಾತು ಹೋಗುತ್ತದೆ. ಮಾತು ಉಳಿಸಿದರೆ ಮೀನು ಹೋಗುತ್ತದೆ. ಇವರಿಗೆ ಯಾವುದು ಬೇಕಾಗಿತ್ತು? ಕೇಳಲು ಇವರಿಲ್ಲ. ಇದ್ದಾಗ ಕೇಳಿದ್ದರೂ ನಗುತ್ತಿದ್ದರೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಅಂದಿನಿಂದ ಜಿರಳೆಗಳಿಗೆ ನಿಷ್ಠೆಯಿಂದ ಊಟ ಹಾಕಿದೆ. ಡಬ್ಬಿಯ ಹತ್ತಿರ ಹೋಗಲಾರದೆ, ಮದುವೆ ಮನೆಯ ಸಾರಿಗೆ ಬಳಸುವಂಥ ಉದ್ದ ಹಿಡಿಕೆಯ ಸೌಟಿನಲ್ಲಿ, ದೂರ ನಿಂತು. ಸಮಾರಾಧನೆಯಲ್ಲಿ ಉಳಿದ ಹೋಳಿಗೆಯೂ ಅವಕ್ಕೇ ಹೋಯಿತು. ತಿನ್ನುವವರು ಇಲ್ಲವೆಂದ ಮೇಲೆ ಅವುಗಳ ಸಂಸಾರ ಬೆಳೆಯುತ್ತ ಹೋಯಿತು. ಮಗ್ಗುಲಲ್ಲೇ ಸಾಹೇಬರು ಬಡವಾಗುತ್ತ ಹೋದರು. ಒಂದು ಸಂಜೆ ಆರೂವರೆಯಾದರೂ ಅವರು ತಳ ಬಿಟ್ಟು ಏಳಲಿಲ್ಲ. ಬಾಗಿಲನ್ನು ನಾನೊಬ್ಬಳೇ ನೋಡಿದೆ.

ಮರುದಿನ ಬೆಳಿಗ್ಗೆ ಸೌಟಿನಲ್ಲಿ ತೌಡು ಹಾಕುತ್ತಿದ್ದಾಗ ವಸಂತ ಬಾಗಿಲು ಬಡಿದ. ಸೌಟನ್ನು ಡಬ್ಬಿಯಲ್ಲೇ ಬಿಟ್ಟು ಹೋದೆ. ಅದರ ಹಿಡಿಕೆ ಹೋಗಿ ಗಾಜಿನ ತೊಟ್ಟಿಯ ಅಂಚಿನ ಮೇಲೆ ಒರಗಿತ್ತು. ವಸಂತನಿಗೆ ಚಹಾ ಕೊಡುತ್ತಿದ್ದೇನೆ, ಟಪಕ್ ಎಂಬ ಸದ್ದು. ಇಬ್ಬರೂ ಓಡಿ ಬಂದು ನೋಡಿದರೆ, ಹಿಡಿಕೆಯ ಮೇಲೆ ಇನ್ನೊಂದು ಜಿರಳೆ ಸಾವಕಾಶ ನಡೆಯುತ್ತ ಬರುತ್ತಿದೆ, ಮೀಸೆ ಆಡಿಸುತ್ತ, ಹೋಳಿಗೆ ತಿಂದ ಗತ್ತಿನಲ್ಲಿ. ತುದಿಗೆ ಬಂದು ಬಗ್ಗಿ ನೋಡಿತು. ಬಿತ್ತು. ಸಾಹೇಬರು ನುಂಗಿ, ಗಾಜಿನ ಹತ್ತಿರ ಬಂದು ನನ್ನನ್ನು ದಿಟ್ಟಿಸಿದರು. ಎಷ್ಟೋ ದಿನಗಳ ಮೇಲೆ ಕೆಳತುಟಿ ಮುಂದೆ ಬಂದಿತ್ತು.

"ವೈನಿ, ಮಾತು ಕೊಟ್ಟಿದ್ರಿ" ಎಂದ ವಸಂತ.

"ನಾ ಏನ್ ಮಾಡಿದೆ? ಸೌಟು ಮರತೆ" ಎಂದೆ.

ಇದಾಗಿ ಬಹಳ ವರ್ಷಗಳಾದವು. ಸಾಹೇಬರು ಇದ್ದಾರೆ, ಸ್ವಲ್ಪ ಮುದಿಯಾಗಿದ್ದಾರೆ. ಜಿರಳೆಗಳೂ ಇವೆ. ಅವಕ್ಕೆ ದಿನಾ ಗಜ್ಜರಿ ತೊಳೆದು ಹಾಕುತ್ತೇನೆ, ಒಂದೂ ಉಪವಾಸ ಬಿದ್ದಿಲ್ಲ. ಕೊಟ್ಟ ಮಾತು ನಡೆದಿದೆ. ಒಂದೇ ಒಂದು ದೋಷವೆಂದರೆ ನನಗೆ ವಯಸ್ಸಾಗುತ್ತಿದೆ, ಮರೆವು ಹೆಚ್ಚು. ದಿನಾ ಸಂಜೆ ಆರೂವರೆಗೆ ಸರಿಯಾಗಿ ಸೌಟನ್ನು ಡಬ್ಬಿಯಲ್ಲಿ ಮರೆತು, ಮೀನಿನ ಕಡೆ ಬೆನ್ನು ಮಾಡಿ, ಬಾಗಿಲ ಕಡೆ ನೋಡುತ್ತ ಕೂರುತ್ತೇನೆ. ಎರಡು ಸಲ ಟಪಕ್ ಎಂದ ಮೇಲೆ ನೆನಪಾಗುತ್ತದೆ. ಅಡಿಗೆಮನೆಯ ಕಿಟಕಿಗೆ ಒಂದು ಕಾಗೆ ಬರುತ್ತದೆ. ಅದೇ ಕಾಗೆಯೋ ಬೇರೆಯದೋ ತಿಳಿಯದು. ಅನ್ನ ಇಡುತ್ತೇನೆ, ಅದರ ಮುಖ ಮಾತ್ರ ನೋಡುವುದಿಲ್ಲ. ಏಕಾದಶಿಯ ದಿನವೊಂದು ಬಿಟ್ಟು. ಅಂದು ನನ್ನ ನೆನಪಿನ ಶಕ್ತಿ ಬಹಳ ಚೆನ್ನಾಗಿರುತ್ತದೆ. ಸೌಟನ್ನು ತೊಳೆದು ಮೊಳೆಗೆ ತೂಗುಹಾಕಿ, ಕಾಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ.